ಸೋಮಾರಿ ಎನ್ನುವ ಮುನ್ನ ರಕ್ತ ಪರೀಕ್ಷೆ ಮಾಡಿಸಿ

"ಹಾಸಿಗೆ ಬಿಟ್ಟು ಏಳುವುದೇ ಇಲ್ಲ ಡಾಕ್ಟ್ರೇ, ಬರೀ ಸೋಮಾರಿತನ. ಏನಾದರೂ ಟಾನಿಕ್ ಕೊಡಿ." ಸೊಸೆಯನ್ನು ಕರೆತಂದ ಅತ್ತೆಯೊಬ್ಬರು ಇತ್ತೀಚೆಗೆ ನನ್ನೆದುರು ಹೇಳಿದ ಮಾತಿದು. ಸೊಸೆ ತಲೆ ತಗ್ಗಿಸಿ ಕೂತಿದ್ದಳು. ಮುಖ ಊದಿತ್ತು, ಚರ್ಮ ಒಣಗಿತ್ತು, ಬೇಸಿಗೆಯಲ್ಲೂ ಚಳಿ ಎನ್ನುತ್ತಿದ್ದಳು. ಮಗುವಿಗೆ ಏಳು ತಿಂಗಳು. ನಾನು ಟಾನಿಕ್ ಬರೆಯದೆ ಟಿಎಸ್‌ಎಚ್ ಪರೀಕ್ಷೆಗೆ ಬರೆದೆ. ಆಕೆಯ ಥೈರಾಯ್ಡ್ ಗ್ರಂಥಿ ಬೇಕಾದಷ್ಟು ಹಾರ್ಮೋನ್ ಸ್ರವಿಸುತ್ತಿರಲಿಲ್ಲ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಕೆಲವರಿಗೆ ಹೀಗಾಗುತ್ತದೆ. ಆಕೆಯನ್ನು ತಜ್ಞರ ಬಳಿ ಕಳುಹಿಸಿದೆ.

'ಮನಸ್ಸು ಮಾಡಿದರೆ ಎಲ್ಲವೂ ಆಗುತ್ತದೆ' ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮನಸ್ಸು ಮಾಡಲಿಕ್ಕೂ ಶರೀರದ ಸಹಾಯ ಬೇಕು ಎಂಬುದನ್ನು ಮರೆಯುತ್ತೇವೆ.

ಇದಕ್ಕೆ ನಮ್ಮ ಯುನಾನಿಯ ಮದ್ದೊಂದೇ ಸಾಕ್ಷಿ. ಅಸ್ರೋಲ್, ಅಂದರೆ ಸರ್ಪಗಂಧಿಯ ಬೇರನ್ನು ನಿದ್ರಾಹೀನತೆಗೆ, ಉನ್ಮಾದಕ್ಕೆ ಹಕೀಮರು ಬಹುಕಾಲದಿಂದ ಕೊಡುತ್ತಾ ಬಂದವರು. 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಲಾಯಿತು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಕಿವಿ ಇಳಿಬಿಟ್ಟು, ಅಲುಗಾಡದೆ ಕೂತವು. ಎಲ್-ಡೋಪಾ ಚುಚ್ಚಿದ ಸ್ವಲ್ಪ ಹೊತ್ತಿಗೆ ಮತ್ತೆ ಓಡಾಡತೊಡಗಿದವು. ಎಲ್-ಡೋಪಾದಿಂದ ಮೆದುಳು ತಯಾರಿಸಿಕೊಳ್ಳುವ ವಸ್ತುವೇ ಡೋಪಮೈನ್. ಈ ಶೋಧಕ್ಕಾಗಿ ಅವರಿಗೆ 2000ದಲ್ಲಿ ನೊಬೆಲ್ ಬಂತು. ಆ ಮೊಲಗಳನ್ನು ಸೋಮಾರಿಗಳೆಂದು ಬೈದಿದ್ದರೆ ಪ್ರಯೋಜನವಿತ್ತೇ?

ಮೊಬೈಲ್ ವಿಡಿಯೋಗಳಲ್ಲಿ ಡೋಪಮೈನನ್ನು 'ಸುಖದ ರಾಸಾಯನಿಕ' ಎನ್ನುತ್ತಾರೆ. ಅದು ಅರ್ಧ ಸತ್ಯ. ಬೇಕಾದುದರ ಕಡೆಗೆ ನಮ್ಮನ್ನು ಎಬ್ಬಿಸಿ ಕಳುಹಿಸುವುದು ಅದರ ಮುಖ್ಯ ಕೆಲಸ. ಡೋಪಮೈನ್ ಬರಿದಾದ ಇಲಿಯ ಬಾಯಿಗೆ ಸಿಹಿ ಹಾಕಿದರೆ ಚಪ್ಪರಿಸುತ್ತದೆ. ಎದುರಿಗಿಟ್ಟ ಆಹಾರದ ಬಳಿಗೆ ಮಾತ್ರ ಹೋಗುವುದಿಲ್ಲ. ಪಾರ್ಕಿನ್ಸನ್ ರೋಗಿಗಳಲ್ಲಿ ಕೈ ನಡುಗುವುದನ್ನು ಎಲ್ಲರೂ ನೋಡುತ್ತಾರೆ, ಆಸಕ್ತಿ ಬತ್ತುವುದನ್ನು ಮನೆಯವರು ಹಟವೆಂದು ತಿಳಿಯುತ್ತಾರೆ.

ಎಲ್ಲ ಆಲಸ್ಯವೂ ಕಾಯಿಲೆಯಲ್ಲ, ಒಪ್ಪುತ್ತೇನೆ. ರಾತ್ರಿ ಎರಡರವರೆಗೆ ಮೊಬೈಲ್ ನೋಡಿ ಬೆಳಿಗ್ಗೆ ಏಳದ ಹುಡುಗನಿಗೆ ನಾನೂ ಗದರಿದ್ದೇನೆ. ಆದರೆ ಚಟುವಟಿಕೆಯಿಂದಿದ್ದವರು ಬದಲಾಗಿ ವಾರಗಟ್ಟಲೆ ಮಂಕಾಗಿ ಕೂತರೆ ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷಿಸಿ. ಬಾಣಂತಿಯಾದರೆ ಮನಸ್ಸಿನ ಖಿನ್ನತೆಯನ್ನೂ ವಿಚಾರಿಸಿ. ತೆಗೆದುಕೊಳ್ಳುತ್ತಿರುವ ಎಲ್ಲ ಮದ್ದುಗಳನ್ನೂ ವೈದ್ಯರಿಗೆ ತೋರಿಸಿ. ಬಿಪಿಗೆಂದು ಯಾರೋ ಹೇಳಿದ ಸರ್ಪಗಂಧಿ ಪುಡಿಯನ್ನು ತಾವೇ ತಂದು ತಿನ್ನುವವರಿದ್ದಾರೆ. ಖಿನ್ನತೆ ಇದ್ದವರಿಗೆ ಅದು ಅಪಾಯ. ನಮ್ಮದೇ ಮದ್ದಾದರೂ ಹೇಳುತ್ತೇನೆ, ಕೇಳದೆ ತಿನ್ನಬೇಡಿ.