ಹುಡುಕು ಪೆಟ್ಟಿಗೆಗೆ ಕನ್ನಡ ಕಲಿಸೋಣ

ಕಳೆದ ವರ್ಷ ಜಾಲತಾಣವೊಂದರ ಹುಡುಕು ಪೆಟ್ಟಿಗೆಯಲ್ಲಿ ‘ವಿದ್ಯಾರ್ಥಿ ವೇತನ’ ಎಂದು ಟೈಪ್ ಮಾಡಿದೆ. ಒಂದೂ ಸಲಹೆ ಬರಲಿಲ್ಲ. ಹಾಗೆಂದು ಪ್ರಕಟಣೆ ಇರಲಿಲ್ಲವೆಂದಲ್ಲ. ಅಲ್ಲಿ ‘ವಿದ್ಯಾರ್ಥಿವೇತನಕ್ಕೆ ಅರ್ಜಿ’ ಎಂದು ಒಂದೇ ಪದವಾಗಿ ಬರೆದಿತ್ತು. ಗೆಳತಿ ಲಿಂಕ್ ಕಳಿಸದೇ ಇದ್ದಿದ್ದರೆ ಕೊನೆಯ ದಿನಾಂಕ ಮೀರಿಹೋಗುತ್ತಿತ್ತು. ಇಷ್ಟಕ್ಕೆಲ್ಲ ಕಾರಣ ನಾನು ನಡುವೆ ಬಿಟ್ಟ ಒಂದು ಖಾಲಿ ಜಾಗ!

ಸರ್ಚ್ ಎಂಜಿನ್ ನಮ್ಮಂತೆ ಓದುವುದಿಲ್ಲ. ಬರಹವನ್ನು ಮೊದಲೇ ಚಿಕ್ಕ ತುಂಡುಗಳಾಗಿ, ಅಂದರೆ ಟೋಕನ್‌ಗಳಾಗಿ ಕತ್ತರಿಸಿ ಜೋಡಿಸಿಟ್ಟುಕೊಳ್ಳುತ್ತದೆ. ನಾವು ಟೈಪ್ ಮಾಡಿದ್ದು ಆ ತುಂಡುಗಳಿಗೆ ಹೊಂದಿದರೆ ಮಾತ್ರ ಸಲಹೆ ಕಾಣಿಸುತ್ತದೆ. ಕತ್ತರಿಸಿದ್ದೇ ತಪ್ಪಾದರೆ ಒಳಗೆ ಎಷ್ಟು ಮಾಹಿತಿ ಇದ್ದರೂ ಇಲ್ಲದಂತೆಯೇ.

ಇಂಗ್ಲಿಷ್‌ನಲ್ಲಿ ಖಾಲಿ ಜಾಗ ನೋಡಿ ಕತ್ತರಿಸಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ. ಬೆಂಗಳೂರು, ಬೆಂಗಳೂರಿಗೆ, ಬೆಂಗಳೂರಿನಲ್ಲಿ ಎಂದರೆ ನಮಗೆ ಒಂದೇ ಊರು; ಯಂತ್ರಕ್ಕೆ ಮೂರು ಬೇರೆ ಪದಗಳು.

ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಎಲಾಸ್ಟಿಕ್‌ಸರ್ಚ್‌ನಲ್ಲಿ ಸಲಹೆಗಾಗಿ ಪದವನ್ನು ಮೊದಲಿನಿಂದ ತುಂಡು ಮಾಡುವ ‘ಎಡ್ಜ್ ಎನ್-ಗ್ರಾಮ್’ ಎಂಬ ಸಾಧನವಿದೆ. ಅದಕ್ಕೆ ‘ಅಕ್ಷರಗಳನ್ನು ಮಾತ್ರ ಉಳಿಸಿಕೋ’ ಎಂದು ಹೇಳಿದರೆ ಕನ್ನಡ ಚೂರುಚೂರಾಗುತ್ತದೆ. ಯೂನಿಕೋಡ್ ವರ್ಗೀಕರಣದಲ್ಲಿ ನಮ್ಮ ಗುಣಿತದ ಚಿಹ್ನೆಗಳೂ ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯೂ ‘ಅಕ್ಷರ’ ಅಲ್ಲ. ಹಾಗಾಗಿ ‘ಶಿಕ್ಷಕ’ ಎಂಬುದು ‘ಶ’, ‘ಕ’, ‘ಷಕ’ ಆಗಿಬಿಡುತ್ತದೆ. ಯಾವ ದೋಷ ಸಂದೇಶವೂ ಬರುವುದಿಲ್ಲ, ಸಲಹೆಗಳು ಮಾತ್ರ ಹದಗೆಡುತ್ತವೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ನಡುವೆ ಸೇರುವ, ಕಣ್ಣಿಗೆ ಕಾಣದ ಸಂಕೇತದ್ದೂ ಇದೇ ಕಥೆ. ಒಬ್ಬರು ಅದನ್ನು ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಎರಡೂ ಬೇರೆ ಪದಗಳಾಗುತ್ತವೆ.

ಪರಿಹಾರ ಕಷ್ಟದ್ದಲ್ಲ. ಬಿಟ್ಟುಹೋದ ಚಿಹ್ನೆಗಳನ್ನು ಸಾಧನದ ಪಟ್ಟಿಗೆ ಸೇರಿಸಬಹುದು. ಕಾಣದ ಸಂಕೇತವನ್ನು ಸಂಗ್ರಹಿಸುವಾಗಲೂ ಹುಡುಕುವಾಗಲೂ ತೆಗೆದುಹಾಕಬಹುದು. ಕೂಡಿಸಿ ಬರೆದ, ಬಿಡಿಸಿ ಬರೆದ ರೂಪಗಳನ್ನು ಸಮಾನಪದಗಳೆಂದು ತಿಳಿಸಬಹುದು. ಪ್ರತ್ಯಯ ಕಳಚುವಲ್ಲಿ ಮಾತ್ರ ಎಚ್ಚರ ಬೇಕು. ‘ಗೆ’ ಕಂಡಲ್ಲೆಲ್ಲ ಕತ್ತರಿಸಿದರೆ ‘ಊರಿಗೆ’ ಸರಿಹೋದೀತು, ‘ನಗೆ’ ಬರೀ ‘ನ’ ಆಗುತ್ತದೆ! ನಿಯಮದ ಜೊತೆಗೆ ಪದಪಟ್ಟಿಯೂ ಬೇಕು, ಅದನ್ನು ತಿದ್ದಲು ಕನ್ನಡ ಬಲ್ಲವರೂ ಬೇಕು.

ನಮ್ಮ ಅವಕಾಶ ಇರುವುದೂ ಇಲ್ಲಿಯೇ. ಎಲಾಸ್ಟಿಕ್‌ಸರ್ಚ್‌ ಜೊತೆ ಬರುವ ಭಾಷಾ ವಿಶ್ಲೇಷಕಗಳ ಪಟ್ಟಿಯಲ್ಲಿ ಹಿಂದಿ, ಬಂಗಾಳಿ ಇವೆ, ಕನ್ನಡ ಇಲ್ಲ. ಅದು ತಾನಾಗಿ ಬರಲಿ ಎಂದು ಕಾಯುವುದೇಕೆ? ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಹಳೆಯ ವಿಷಯವನ್ನೇ ನಕಲು ಮಾಡುವ ಬದಲು ಕಾಲೇಜು ಗ್ರಂಥಾಲಯದ ಕನ್ನಡ ಪುಸ್ತಕಗಳ ಪಟ್ಟಿ ತೆಗೆದುಕೊಳ್ಳಿ. ಗೆಳೆಯರು ಹೇಗೆ ಹುಡುಕುತ್ತಾರೆಂದು ಕೇಳಿ ನೂರು ಪದ ಬರೆದಿಟ್ಟುಕೊಳ್ಳಿ. ಬದಲಾವಣೆಗೆ ಮುನ್ನ ಎಷ್ಟು ಸಿಕ್ಕವು, ನಂತರ ಎಷ್ಟು ಸಿಕ್ಕವು ಎಂದು ಲೆಕ್ಕವಿಡಿ. ಸಂದರ್ಶನದಲ್ಲಿ ಪ್ರಮಾಣಪತ್ರಕ್ಕಿಂತ ಆ ಲೆಕ್ಕಕ್ಕೆ ತೂಕ ಹೆಚ್ಚು.

ಕಂಪ್ಯೂಟರ್ ವಿದ್ಯಾರ್ಥಿಗಳು ಕನ್ನಡ ಎಂ.ಎ. ಓದುವವರ ಜೊತೆ ಕುಳಿತರೆ ಕೆಲಸ ಇನ್ನೂ ಸಲೀಸು. ಶಾಲೆಯಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ ಸಂಧಿ, ಸಮಾಸ, ವಿಭಕ್ತಿಗಳು ಈಗ ಅನ್ನ ಕೊಡುವ ವಿದ್ಯೆಯಾಗಬಲ್ಲವು. ಹಳ್ಳಿಯ ಹುಡುಗನೊಬ್ಬ ತನಗೆ ತಿಳಿದಂತೆ ‘ವಿದ್ಯಾರ್ಥಿ ವೇತನ’ ಎಂದು ಬರೆದರೂ ಅವನ ಪಾಲಿನ ಅರ್ಜಿ ಅವನಿಗೆ ಸಿಗಬೇಕು.