ಬೆಳೆಸಾಲ ಪಡೆದರೆ ಬೆಳೆವಿಮೆ ಕಡ್ಡಾಯವೇ?

ನವಲಗುಂದದ ಎರೆಭೂಮಿಯಲ್ಲಿ ಒಂದೇ ಬದುವಿನ ಆಚೆ ಈಚೆ ಇಬ್ಬರು ರೈತರು ಮುಂಗಾರಿಗೆ ಹೆಸರು ಬಿತ್ತಿದ್ದಾರೆ ಎಂದುಕೊಳ್ಳಿ. ಒಬ್ಬರು ಬ್ಯಾಂಕಿನಲ್ಲಿ ಬೆಳೆಸಾಲ ಪಡೆದಿದ್ದಾರೆ, ಇನ್ನೊಬ್ಬರು ಪಡೆದಿಲ್ಲ. ಬೆಳೆವಿಮೆಯ ಬಗ್ಗೆ ಇಬ್ಬರೂ ಏನೂ ಮಾಡಲಿಲ್ಲ. ಗಡುವು ಮುಗಿದಾಗ ಮೊದಲನೆಯವರ ಖಾತೆಯಿಂದ ವಿಮಾ ಕಂತು ಕಡಿತವಾಗಿರುತ್ತದೆ, ಎರಡನೆಯವರಿಗೆ ವಿಮೆಯೇ ಇರುವುದಿಲ್ಲ. ಯಾಕೆ ಹೀಗೆ?

‘ಸಾಲ ತಗೊಂಡ್ರ ವಿಮೆ ಕಡ್ಡಾಯ’ ಎಂದು ಹಲವರು ನಂಬಿದ್ದಾರೆ. ಇದು ಒಂದು ಕಾಲಕ್ಕೆ ನಿಜವಾಗಿತ್ತು. 2016ರ ಮುಂಗಾರಿನಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಶುರುವಾದಾಗ, ಅಧಿಸೂಚಿತ ಬೆಳೆಗೆ ಸಾಲ ಪಡೆದವರಿಗೆ ವಿಮೆ ಕಡ್ಡಾಯವಿತ್ತು. 2020ರ ಮುಂಗಾರಿನಿಂದ ಅದು ಐಚ್ಛಿಕ. ಆದರೆ ವಿಮೆ ಬೇಡ ಎನ್ನುವ ಸಾಲಗಾರ ರೈತರು ಗಡುವಿಗೆ ಕನಿಷ್ಠ 7 ದಿನ ಮೊದಲು ಬ್ಯಾಂಕಿಗೆ ಬರೆದು ಕೊಡಬೇಕು. ಕೊಡದಿದ್ದರೆ ಒಪ್ಪಿದ ಹಾಗೆ. ಸಾಲವಿಲ್ಲದವರು ಮಾತ್ರ ಬೇಕೆಂದರೆ ತಾವೇ ಹೋಗಿ ನೋಂದಾಯಿಸಬೇಕು.

ನಾವು ಏನೂ ಹೇಳದಿದ್ದಾಗ ತಾನಾಗಿ ಜಾರಿಯಾಗುವ ಆಯ್ಕೆಗೆ ಅರ್ಥಶಾಸ್ತ್ರದಲ್ಲಿ ‘ಡಿಫಾಲ್ಟ್’ ಎನ್ನುತ್ತಾರೆ. ಹಳೆಯ ಅರ್ಥಶಾಸ್ತ್ರದ ಲೆಕ್ಕದಲ್ಲಿ ಮನುಷ್ಯ ಲಾಭನಷ್ಟ ತೂಗಿಯೇ ನಿರ್ಧರಿಸುತ್ತಾನೆ, ಹಾಗಾಗಿ ಅರ್ಜಿ ಯಾವ ಕಡೆಯಿಂದ ಶುರುವಾದರೂ ಫಲ ಒಂದೇ ಆಗಬೇಕು. ವಾಸ್ತವದಲ್ಲಿ ನಮ್ಮಲ್ಲಿ ಹೆಚ್ಚಿನವರು ಇದ್ದದ್ದನ್ನು ಇದ್ದ ಹಾಗೇ ಬಿಡುತ್ತೇವೆ. ಇದನ್ನು ಬಳಸಿಕೊಂಡು, ಒತ್ತಾಯ ಮಾಡದೆ ಜನರನ್ನು ಒಂದು ಆಯ್ಕೆಯತ್ತ ಮೆಲ್ಲಗೆ ತಳ್ಳುವುದಕ್ಕೆ ರಿಚರ್ಡ್ ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್ 2008ರ ತಮ್ಮ ಪುಸ್ತಕದಲ್ಲಿ ‘ನಡ್ಜ್’ ಎಂದು ಕರೆದರು. ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಭಾರತದ 2018-19ರ ಆರ್ಥಿಕ ಸಮೀಕ್ಷೆಯೂ ಈ ವಿಚಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿತು.

ಹಾಗಾದರೆ ಇದು ರೈತರಿಗೆ ಒಳ್ಳೆಯದೋ ಕೆಟ್ಟದ್ದೋ? ಮಳೆಯನ್ನೇ ನಂಬಿದ ಹೊಲಕ್ಕೆ ವಿಮೆ ಆಸರೆಯೇ. ರೈತರ ಪಾಲಿನ ಕಂತೂ ಕಡಿಮೆ: ವಿಮಾ ಮೊತ್ತದಲ್ಲಿ ಮುಂಗಾರಿನ ಹೆಸರಿಗೆ ಹೆಚ್ಚೆಂದರೆ ಶೇ 2, ಹಿಂಗಾರಿನ ಕಡಲೆಗೆ ಶೇ 1.5, ಹತ್ತಿ ಮತ್ತು ಮೆಣಸಿನಕಾಯಿಯಂಥ ವಾಣಿಜ್ಯ, ತೋಟಗಾರಿಕೆ ಬೆಳೆಗಳಿಗೆ ಶೇ 5. ಉಳಿದದ್ದು ಸರ್ಕಾರಗಳ ಪಾಲು. ಮರೆತವರಿಗೂ ರಕ್ಷಣೆ ಸಿಗುವುದು ಡಿಫಾಲ್ಟಿನ ಲಾಭ.

ಆದರೆ ನಡ್ಜ್ ಎನಿಸಿಕೊಳ್ಳಲು ಒಂದು ಷರತ್ತಿದೆ. ಬೇಡ ಎನ್ನುವುದು ಸುಲಭವಾಗಿರಬೇಕು, ಹಾಗೆ ಹೇಳಬಹುದೆಂಬುದು ಗೊತ್ತಿರಬೇಕು. ಬಿತ್ತನೆಯ ದಿನಗಳಲ್ಲಿ ಒಂದು ಅರ್ಜಿ ಕೊಡಲು ಕುಂದಗೋಳಕ್ಕೋ ಕಲಘಟಗಿಗೋ ಬಸ್ಸು ಹಿಡಿದು ಹೋದರೆ ಒಂದು ದಿನದ ಕೆಲಸ ಹೋದ ಹಾಗೆ. ಇಂಥ ಅಡೆತಡೆಗಳಿಗೆ ಥೇಲರ್ ಬಳಸಿದ ಹೆಸರು ‘ಸ್ಲಡ್ಜ್’, ಅಂದರೆ ಕೆಸರು. ಮಳೆಗಾಲದಲ್ಲಿ ಎರೆಹೊಲಕ್ಕೆ ಕಾಲಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲವಿಲ್ಲದೆ ಲಾವಣಿ ಹೊಲ ಮಾಡುವವರಿಗೆ ಕೆಸರು ಇನ್ನೂ ಆಳ: ಉತಾರ ಮಾಲೀಕರ ಹೆಸರಿನಲ್ಲಿರುತ್ತದೆ, ನೋಂದಣಿಗೆ ಅವರ ಒಪ್ಪಿಗೆಯ ಕಾಗದವೂ ಬೇಕಾಗುತ್ತದೆ.

ಸುಮ್ಮನಿರುವುದರಲ್ಲಿ ಇನ್ನೊಂದು ಅಪಾಯವಿದೆ. ಸಾಲದ ಕಾಗದದಲ್ಲಿ ಹತ್ತಿ ಇದ್ದು ಹೊಲದಲ್ಲಿ ಹೆಸರು ಇದ್ದರೆ, ವಿಮೆ ಹತ್ತಿಗೇ ಆಗಬಹುದು. ಬೆಳೆ ಸಮೀಕ್ಷೆಯ ವಿವರಕ್ಕೆ ತಾಳೆಯಾಗದಿದ್ದರೆ, ಕಂತು ಕಟ್ಟಿಯೂ ಪರಿಹಾರಕ್ಕೆ ತೊಡಕಾಗುತ್ತದೆ.

ಆದ್ದರಿಂದ ಸಾಲವಿದ್ದರೆ ಗಡುವಿಗೆ ಎರಡು ವಾರ ಮೊದಲೇ ಬ್ಯಾಂಕಿನಲ್ಲಿ ಮೂರು ಪ್ರಶ್ನೆ ಕೇಳಿ: ನನ್ನ ಹೆಸರಿನಲ್ಲಿ ವಿಮೆ ಆಗುತ್ತದೆಯೇ? ಯಾವ ಬೆಳೆಗೆ? ಬೇಡವೆಂದರೆ ಅರ್ಜಿ ಎಲ್ಲಿದೆ? ವಿಮೆ ಬೇಕೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು. ನೀವು ಸುಮ್ಮನಿದ್ದರೆ ಆ ತೀರ್ಮಾನವನ್ನು ಬೇರೆಯವರು ಮೊದಲೇ ಮಾಡಿಟ್ಟಿರುತ್ತಾರೆ.