ಒಂದೇ ಇನ್‌ಪುಟ್: ಯಾರ ದನಿಗೆ ಜಾಗ?

ಸಂತೇಬೆನ್ನೂರು ಅಂದರೆ ಹೊರಗಿನವರಿಗೆ ಪುಷ್ಕರಣಿ. ನಮ್ಮ ಮನೆಗೆ ಬರುವ ನೆಂಟರ ಮಕ್ಕಳಿಗೆ ಮಾತ್ರ ಅದಕ್ಕಿಂತ ದೊಡ್ಡ ಆಕರ್ಷಣೆ ನಡುಮನೆಯ ಹೋಮ್ ಥಿಯೇಟರ್. ಅಡಿಕೆಗೆ ಒಳ್ಳೆ ರೇಟು ಸಿಕ್ಕ ಒಂದು ವರ್ಷ ಅಪ್ಪ ದಾವಣಗೆರೆಯಿಂದ ತಂದದ್ದು. ಐದು ಸಣ್ಣ ಸ್ಪೀಕರು, ಒಂದು ದೊಡ್ಡ ಸಬ್‌ವೂಫರು, ಮುಂದೆ ಮಿನುಗುವ ನೀಲಿ ದೀಪ. ತಿರುಗಿಸಿ ಬೆನ್ನು ನೋಡಿದರೆ ಹೊರಗಿನ ದನಿಯನ್ನು ಒಳಗೆ ತೆಗೆದುಕೊಳ್ಳಲು ಇರುವುದು ಒಂದೇ ಜೋಡಿ ಕೆಂಪು-ಬಿಳಿ ಪಿನ್ನಿನ ಜಾಗ. ಅದರ ಮೇಲೆ 'ಆಕ್ಸ್' ಎಂದು ಬರೆದಿದೆ. ಮಿಕ್ಕದ್ದು ಯುಎಸ್‌ಬಿ, ಎಫ್‌ಎಂ, ಬ್ಲೂಟೂತ್. ಟಿವಿಯ ಬೆನ್ನಿಗೆ ಎರಡು ಎಚ್‌ಡಿಎಂಐ ಪೋರ್ಟುಗಳಿವೆ.

ಮನೆಯಲ್ಲಿರುವ ಪೆಟ್ಟಿಗೆಗಳು ಐದು. ಅಪ್ಪನ ಸೆಟ್-ಟಾಪ್ ಬಾಕ್ಸ್, ತಮ್ಮನ ಗೇಮ್ ಕನ್ಸೋಲ್, ನನ್ನ ಲ್ಯಾಪ್‌ಟಾಪ್, ಒಂದು ಹಳೆಯ ಡಿವಿಡಿ ಪ್ಲೇಯರ್, ಅವ್ವನ ಟೇಪ್ ರೆಕಾರ್ಡರ್. ಐದಕ್ಕೂ ಬೇಕಾದದ್ದು ಅದೇ ಕೆಂಪು-ಬಿಳಿ ಜಾಗ. ಅಲ್ಲಿ ವರ್ಷಗಟ್ಟಲೆಯಿಂದ ಕೂತಿರುವುದು ಸೆಟ್-ಟಾಪ್ ಬಾಕ್ಸ್.

ಹೋದ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಅವ್ವ ಟ್ರಂಕಿನಿಂದ ಒಂದು ಕ್ಯಾಸೆಟ್ ತೆಗೆದು ಕೈಗಿಟ್ಟಳು. ಚಿಕ್ಕಮ್ಮನ ಮದುವೆಯಲ್ಲಿ ಅಜ್ಜಿ ಹಾಡಿದ ಸೋಬಾನೆ ಪದಗಳು. ಅಜ್ಜಿ ಈಗಿಲ್ಲ. ಟೇಪ್ ರೆಕಾರ್ಡರಿನ ಸ್ಪೀಕರ್ ಹರಿದುಹೋಗಿದೆ, ಆದರೆ ಇಯರ್‌ಫೋನ್ ಜಾಕ್ ಸರಿಯಿದೆ. ಅಲ್ಲಿಂದ ಒಂದು ವೈರ್ ಎಳೆದು ಹೋಮ್ ಥಿಯೇಟರಿಗೆ ಕೊಟ್ಟರೆ ಸಾಕು. ನಾನು ಹಿಂದೆ ಬಗ್ಗಿ ಕೆಂಪು-ಬಿಳಿ ಪಿನ್ನಿಗೆ ಕೈ ಹಾಕಿದ್ದೇ ತಡ, ಅಪ್ಪ, "ಅದನ್ಯಾಕೆ ಕೀಳ್ತೀಯವ್ವ, ನ್ಯೂಸ್ ಟೈಮ್ ಆತು" ಅಂದರು. ಅವ್ವ ತಕ್ಷಣ, "ಹೋಗಲಿ ಬಿಡವ್ವ, ಇನ್ನೊಂದ್ ಸಲ ಕೇಳಿದ್ರಾತು" ಅಂದಳು.

ಆ 'ಇನ್ನೊಂದ್ ಸಲ'ದ ವಿರುದ್ಧ ಈ ಬರಹ.

ಮೊದಲೇ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನನ್ನ ಪಿಎಚ್.ಡಿ. ಹೆಂಗಸರ ಮದುವೆ ಹಾಡುಗಳ ಬಗ್ಗೆ. ಹೆಣ್ಣಿನ ದನಿಗೆ ಸಿಗದ ಜಾಗದ ಬಗ್ಗೆ ಅಧ್ಯಾಯಗಟ್ಟಲೆ ಬರೆದಿದ್ದೇನೆ. ಆದರೆ ಪ್ರತಿ ಸಲ ಊರಿಗೆ ಹೋದಾಗಲೂ ಸಿನಿಮಾ ನೋಡಲು ಅದೇ ಪಿನ್ ಕಿತ್ತು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದೇನೆ. ಆಗ ಅಪ್ಪ ಗೊಣಗಿದ್ದಿಲ್ಲ, ಓದುವ ಮಗಳಲ್ಲವೇ! ಅಂದರೆ ಆ ಒಂದು ಇನ್‌ಪುಟ್ಟಿಗೆ ನಮ್ಮ ಮನೆಯಲ್ಲಿ ಸರತಿ ಸಾಲಿತ್ತು: ಅಪ್ಪ, ನಾನು, ತಮ್ಮ, ಕೊನೆಗೆ ಅವ್ವ. ಅವ್ವನ ಸರತಿ ಬಂದದ್ದೇ ಇಲ್ಲ. ಆ ಸಾಲನ್ನು ಯಾರೂ ಕೂತು ಮಾತಾಡಿ ಮಾಡಿದ್ದಲ್ಲ. ಜಾಗ ಒಂದೇ ಇದ್ದಾಗ, ಮೊದಲಿಂದ 'ಬಿಡು' ಅನ್ನುವುದನ್ನು ರೂಢಿ ಮಾಡಿಕೊಂಡವರು ತಾವಾಗಿಯೇ ಹಿಂದೆ ಸರಿದು ನಿಲ್ಲುತ್ತಾರೆ.

ಇದನ್ನು ಗೆಳೆಯರ ಹತ್ತಿರ ಹೇಳಿಕೊಂಡರೆ ಮೂರು ಉತ್ತರ ಸಿಗುತ್ತವೆ. ಮೂರೂ ನನಗೆ ಒಪ್ಪಿಗೆಯಿಲ್ಲ.

ಮೊದಲನೆಯದು, "ಹಳೇದನ್ನೆಲ್ಲ ಬಿಸಾಕು, ಕ್ಯಾಸೆಟ್ಟನ್ನ ಎಂಪಿ3 ಮಾಡ್ಕೋ." ಮಾಡಿಕೊಳ್ಳುವುದು ಹೇಗೆ? ಕ್ಯಾಸೆಟ್ಟಿನ ದನಿಯನ್ನು ಕಂಪ್ಯೂಟರಿಗೆ ಇಳಿಸಲು ಕಂಪ್ಯೂಟರಿಗೊಂದು ಲೈನ್-ಇನ್ ಬೇಕು. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ನೀಲಿ ಬಣ್ಣದ ಆ ಜಾಕ್ ಇರುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಹೆಡ್‌ಸೆಟ್ಟಿಗೆ ಮಾಡಿದ ಒಂದೇ ಜಾಕ್. ಅದು ಒಳಗೆ ತೆಗೆದುಕೊಳ್ಳುವುದು ಮೈಕಿನ ಕ್ಷೀಣ ಸಿಗ್ನಲ್ಲನ್ನು ಮಾತ್ರ. ಟೇಪಿನ ದನಿ ಕೊಟ್ಟರೆ ಒಡೆದು ಕರಕರ ಅನ್ನುತ್ತದೆ. ಅದಕ್ಕೆ ಬೇರೆ ಯುಎಸ್‌ಬಿ ಸಾಧನ ಕೊಳ್ಳಬೇಕು. ಹಳೆಯದನ್ನು ಹೊಸದಕ್ಕೆ ದಾಟಿಸಿಕೋ ಅನ್ನುವವರು ದಾಟುವ ಸೇತುವೆಯನ್ನೇ ತೆಗೆದಿಟ್ಟಿದ್ದಾರೆ. ಅಷ್ಟರಲ್ಲಿ ಕ್ಯಾಸೆಟ್ ಕಾಯುವುದಿಲ್ಲ. ರೀಲು ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ, ಟೇಪ್ ರೆಕಾರ್ಡರಿನ ರಬ್ಬರ್ ಬೆಲ್ಟ್ ಸಡಿಲವಾಗಿ ಹಾಡು ಎಳೆಯುತ್ತದೆ. 'ಇನ್ನೊಂದ್ ಸಲ'ಕ್ಕೆ ಒಂದು ಗಡುವಿದೆ.

ಎರಡನೆಯದು, "ಬ್ಲೂಟೂತ್ ಇದೆಯಲ್ಲ!" ಇದೆ. ಟೇಪ್ ರೆಕಾರ್ಡರಿಗೆ ಇಲ್ಲ, ಡಿವಿಡಿ ಪ್ಲೇಯರಿಗೆ ಇಲ್ಲ. ಇರುವ ಫೋನುಗಳೂ ನಮ್ಮ ಥಿಯೇಟರಿಗೆ ಒಂದು ಸಲಕ್ಕೆ ಒಂದೇ ಜೋಡಿಯಾಗುವುದು. ತಮ್ಮನ ಫೋನು ಪಕ್ಕದ ಕೋಣೆಯಲ್ಲಿದ್ದರೂ ಸಾಕು, ಅದೇ ಮೊದಲು ಹೋಗಿ ಅಂಟಿಕೊಳ್ಳುತ್ತದೆ. ಸಿನಿಮಾ ನೋಡಿದರೆ ತುಟಿ ಮುಂದೆ, ಮಾತು ಹಿಂದೆ. ವೈರ್ ಇಲ್ಲವಾಯಿತೇ ಹೊರತು ಸರತಿ ಸಾಲು ಹಾಗೇ ಉಳಿಯಿತು.

ಮೂರನೆಯದು ಹೆಚ್ಚು ನೋಯಿಸುವಂಥದ್ದು: "ಟೆಕ್ನಾಲಜಿ ಗೊತ್ತಿಲ್ಲದವರಿಗೆ ಇದೆಲ್ಲ ಸಮಸ್ಯೆ." ಅಂದರೆ ತಪ್ಪು ಬಳಸುವವರದು. ಹಾಗಾದರೆ ಈ ಪೆಟ್ಟಿಗೆಗಳು ನಮ್ಮ ಮನೆಗೆ ಹೇಗೆ ಬಂದವು ನೋಡೋಣ. ಮೊದಲು ಕೇಬಲ್ ವೈರ್ ಕಂಬದಿಂದ ನೇರ ಟಿವಿಯ ಆಂಟೆನಾ ಜಾಗಕ್ಕೆ ಬರುತ್ತಿತ್ತು, ಬೇರೆ ಪೆಟ್ಟಿಗೆ ಬೇಕಿರಲಿಲ್ಲ. 2011ರಲ್ಲಿ ಕೇಬಲ್ ಟಿವಿ ಕಾಯ್ದೆಗೆ ತಿದ್ದುಪಡಿ ತಂದು ಹಂತಹಂತವಾಗಿ ಎಲ್ಲವನ್ನೂ ಡಿಜಿಟಲ್ ಮಾಡಿದರು. 2012ರಲ್ಲಿ ಮಹಾನಗರಗಳಿಂದ ಶುರುವಾಯಿತು. ನಮ್ಮಂಥ ಹಳ್ಳಿಗಾಡು ನಾಲ್ಕನೇ ಹಂತ, ವಿಸ್ತರಿಸಿದ ಗಡುವು 2017ರ ಮಾರ್ಚ್ 31. ಚಿತ್ರ ಚೆನ್ನಾಯಿತು, ನಿಜ. ಆದರೆ ಪ್ರತಿ ಮನೆಗೂ ಒಂದು ಹೊಸ ಪೆಟ್ಟಿಗೆ, ಪ್ರತಿ ಪೆಟ್ಟಿಗೆಗೂ ಒಂದು ಪೋರ್ಟು ಬೇಕಾಯಿತು. ಪೆಟ್ಟಿಗೆ ಇಡಿ ಎಂದು ಕಾನೂನು ಹೇಳಿತು. ಅದನ್ನು ಸಿಕ್ಕಿಸುವ ಜಾಗ ಕೊಡಿ ಎಂದು ಟಿವಿ, ಸ್ಪೀಕರ್ ಮಾಡುವವರಿಗೆ ಯಾರೂ ಹೇಳಲಿಲ್ಲ. ಇದರಲ್ಲಿ ಅವ್ವನ ಅಜ್ಞಾನ ಎಲ್ಲಿ ಬಂತು?

ಪೋರ್ಟು ಹೆಚ್ಚಿದರೆ ಬೆಲೆ ಹೆಚ್ಚುತ್ತದೆ ಎಂಬ ವಾದವನ್ನು ಅರ್ಧ ಒಪ್ಪುತ್ತೇನೆ. ಎಚ್‌ಡಿಎಂಐ ಎಂಬುದು 2002ರಲ್ಲಿ ಏಳು ಕಂಪನಿಗಳು ಸೇರಿ ಹೊರತಂದ ವ್ಯವಸ್ಥೆ. ಅದನ್ನು ಬಳಸುವ ತಯಾರಕರು ಪರವಾನಗಿ ಶುಲ್ಕ ಕಟ್ಟಬೇಕು, ಒಳಗೆ ಅದಕ್ಕೆಂದೇ ಚಿಪ್ ಇಡಬೇಕು. ಆದರೆ ಕೆಂಪು-ಬಿಳಿ ಪಿನ್ನಿನ ಕಥೆ ಬೇರೆ. ಅದು 1930ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಗ್ರಾಮಫೋನನ್ನು ರೇಡಿಯೋಗೆ ಜೋಡಿಸಲು ಬಳಕೆಗೆ ತಂದದ್ದು. ತೊಂಬತ್ತು ವರ್ಷವಾದರೂ ಅಂದಿನ ಪಿನ್ ಇಂದಿನ ಜಾಗದಲ್ಲಿ ಕೂರುತ್ತದೆ. ಹಳೆಯದಕ್ಕೆ ಬಾಗಿಲು ಮುಚ್ಚದೆಯೂ ತಂತ್ರಜ್ಞಾನ ನಡೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಇನ್ನೊಂದೆರಡು ಜೋಡಿ ಇಟ್ಟು ಒಂದು ಸ್ವಿಚ್ ಕೊಟ್ಟಿದ್ದರೆ ತಯಾರಕರ ಮನೆ ಮುಳುಗುತ್ತಿರಲಿಲ್ಲ. ನೀಲಿ ದೀಪಕ್ಕೆ ದುಡ್ಡಿತ್ತು. ಡಬ್ಬದ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ವ್ಯಾಟ್ ಅಚ್ಚು ಹಾಕಲು ಶಾಯಿಯಿತ್ತು. ಒಪ್ಪಿತ ಮಾನದಂಡವೇ ಇಲ್ಲದ ಆ ಅಂಕಿ ಡಬ್ಬದ ಮುಂದಿರುತ್ತದೆ. ಇನ್‌ಪುಟ್ ಎಷ್ಟು ಎಂಬುದು ಮನೆಗೆ ತಂದು ಬೆನ್ನು ತಿರುಗಿಸಿದಾಗ ಗೊತ್ತಾಗುತ್ತದೆ. ಅಂಗಡಿಯಲ್ಲಿ ಕೇಳಿದಾಗ, "ಎಲ್ಲಾ ಕನೆಕ್ಟ್ ಆಗ್ತವೆ ಸಾರ್" ಎಂದಿದ್ದರಂತೆ. ಆಗುತ್ತವೆ, ಒಂದಾದ ಮೇಲೊಂದು.

ಹಬ್ಬದ ಮಾರನೇ ದಿನ ನಾನೂ ಒಂದು ದಡ್ಡ ಕೆಲಸ ಮಾಡಿದೆ. ಎರಡು ಪಿನ್ನನ್ನು ಒಂದು ಮಾಡುವ ವೈ ಆಕಾರದ ವೈರ್ ತಂದು ಟೇಪನ್ನೂ ಸೆಟ್-ಟಾಪ್ ಬಾಕ್ಸನ್ನೂ ಒಟ್ಟಿಗೇ ಸಿಕ್ಕಿಸಿದೆ. ಎರಡರ ದನಿಯೂ ಕುಗ್ಗಿತು, ಒಡೆಯಿತು. ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಯವರಿಗೆ ತೋರಿಸಿದೆ. ಆ ವೈರ್ ಇರುವುದು ಒಂದನ್ನು ಎರಡು ಮಾಡಲು, ಎರಡನ್ನು ಒಂದು ಮಾಡಲು ಅಲ್ಲ ಎಂದರು. ಜೊತೆಗಿದ್ದ ಅಪ್ಪನಿಗೆ ಅರ್ಥವಾಗಲಿಲ್ಲ. ಅದಕ್ಕೆ ಅವರು, "ತೋಟದಾಗೆ ಎರಡು ಬೋರು ಒಂದೇ ಮೇನ್ ಲೈನಿಗೆ ಕೊಟ್ಟೀರಲ್ಲ, ಎನ್‌ಆರ್‌ವಿ ಹಾಕದೆ ಬಿಟ್ರೆ ಏನಾಗ್ತದೆ ಗೌಡ್ರೆ?" ಎಂದು ಕೇಳಿದರು. ಒಂದು ಬೋರಿನ ನೀರು ಇನ್ನೊಂದು ಬೋರಿಗೆ ಇಳಿಯುತ್ತದೆ, ಗಿಡಕ್ಕೆ ಹೋಗುವುದಿಲ್ಲ. ಅಪ್ಪ ನಕ್ಕರು. "ಹಂಗಾದ್ರೆ ವಾಲ್ವ್ ಇಡ್ರಿ" ಅಂದರು.

ಪರಿಹಾರ ಅಷ್ಟೇ ಆಗಿತ್ತು. ರಿಪೇರಿಯವರು ಒಂದು ತಗಡಿನ ಡಬ್ಬಕ್ಕೆ ನಾಲ್ಕು ಜೋಡಿ ಕೆಂಪು-ಬಿಳಿ ಜಾಗ ಕೂರಿಸಿ, ತಿರುಗಿಸುವ ಒಂದು ಸ್ವಿಚ್ ಹಾಕಿ, ಹೊರಗೆ ಒಂದೇ ಜೋಡಿ ವೈರ್ ತೆಗೆದರು. ಕರೆಂಟೂ ಬೇಡ. ₹450. ಅದಕ್ಕೆ ಸೆಟ್-ಟಾಪ್ ಬಾಕ್ಸ್, ಡಿವಿಡಿ, ಟೇಪ್, ಟಿವಿ ನಾಲ್ಕರ ದನಿಯನ್ನೂ ಕೊಟ್ಟೆವು. ಟಿವಿಯಿಂದ ದನಿ ಹೊರಗೆ ಬರುವುದು ಆಪ್ಟಿಕಲ್ ಪೋರ್ಟಿನಲ್ಲಿ, ಬೆಳಕಿನ ರೂಪದಲ್ಲಿ. ಅದನ್ನು ಕೆಂಪು-ಬಿಳಿಗೆ ಇಳಿಸಲು ಅಂಗೈಗಿಂತ ಸಣ್ಣ ಕನ್ವರ್ಟರ್ ಬೇಕು, ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ 'ಪಿಸಿಎಂ' ಎಂದು ಆರಿಸಬೇಕು. ಇಲ್ಲದಿದ್ದರೆ ಎಲ್ಲ ಸರಿಯಿದ್ದೂ ದನಿ ಬಾರದೇ ಹೋಗಬಹುದು. ತಮ್ಮನ ಕನ್ಸೋಲಿಗೂ ನನ್ನ ಲ್ಯಾಪ್‌ಟಾಪಿಗೂ ಮೂರನ್ನು ಒಂದು ಮಾಡುವ ಎಚ್‌ಡಿಎಂಐ ಸ್ವಿಚ್ ತಂದೆ. ಕೊಳ್ಳುವಾಗ 'ಸ್ವಿಚ್' ಎಂದೇ ಕೇಳಿ. 'ಸ್ಪ್ಲಿಟರ್' ಅಂದರೆ ಒಂದು ಪೆಟ್ಟಿಗೆಯ ಚಿತ್ರವನ್ನು ಹಲವು ಟಿವಿಗೆ ಹಂಚುವುದು. ನೋಡಲು ಎರಡೂ ಒಂದೇ ಥರ, ಕೆಲಸ ತಿರುಗುಮುರುಗು.

ಮನೆಯ ಸಮಸ್ಯೆ ತೀರಿತು, ಬರಹ ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ತಗಡಿನ ಡಬ್ಬವನ್ನು ಹೊಗಳಿ ಮುಗಿಸಿಬಿಟ್ಟರೆ ನಾನು ಕಂಪನಿಗಳ ಕೆಲಸವನ್ನೇ ಮಾಡಿದ ಹಾಗೆ. 'ಜುಗಾಡ್' ಎಂದು ನಾವು ಹೆಮ್ಮೆಪಡುವುದೆಲ್ಲ ಬಹಳ ಸಲ ಯಾರೋ ಮಾಡದೆ ಬಿಟ್ಟ ಕೆಲಸ. ಅದರ ಖರ್ಚು ನಮ್ಮ ಜೇಬಿನಿಂದ, ಅದರ ಬುದ್ಧಿ ಬಸ್ ಸ್ಟ್ಯಾಂಡಿನ ರಿಪೇರಿಯವರಿಂದ. ಅವರ ಮಗ ಈ ಕೆಲಸ ಕಲಿತಿಲ್ಲ, ಮೊಬೈಲ್ ರೀಚಾರ್ಜ್ ನೋಡಿಕೊಳ್ಳುತ್ತಾನೆ. ಅವರ ನಂತರ ವಾಲ್ವ್ ಇಡುವವರು ಯಾರು?

ಮಾಡಲು ಆಗದ ಕೆಲಸವೇನೂ ಇದಲ್ಲ. ಯುರೋಪಿನ ಒಕ್ಕೂಟ ಕಾನೂನು ಮಾಡಿತು. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನುಗಳಿಗೆ ಟೈಪ್-ಸಿ ಪೋರ್ಟ್ ಇರಲೇಬೇಕಾಯಿತು. ತಯಾರಕರು ಗೊಣಗಿದರು, ಮಾಡಿದರು. ನಮ್ಮಲ್ಲೂ ಯೋಚನೆಗೆ ಬರವಿಲ್ಲ. ಕಂಪನಿ ಬದಲಿಸಿದರೂ ಸೆಟ್-ಟಾಪ್ ಬಾಕ್ಸ್ ಬದಲಿಸುವ ಅಗತ್ಯ ಬರಬಾರದು, ಡಿಜಿಟಲ್ ಟಿವಿಗಳಿಗೆ ಅದಕ್ಕೆ ತಕ್ಕ ಯುಎಸ್‌ಬಿ ಆಧಾರಿತ ಸಾಮಾನ್ಯ ಜೋಡಣೆ ಇರಬೇಕು ಎಂದು ಟ್ರಾಯ್ 2020ರ ಏಪ್ರಿಲ್‌ನಲ್ಲೇ ಶಿಫಾರಸು ಮಾಡಿದೆ. ಉಪಗ್ರಹದ ಉಚಿತ ವಾಹಿನಿಗಳನ್ನು ಪೆಟ್ಟಿಗೆಯ ಹಂಗಿಲ್ಲದೆ ಟಿವಿಯೇ ಹಿಡಿಯುವಂತೆ ಒಳಗೇ ಟ್ಯೂನರ್ ಇರುವ ಟಿವಿಗೆ ಭಾರತೀಯ ಮಾನಕ ಬ್ಯೂರೋ ಐಎಸ್ 18112:2022 ಎಂಬ ಮಾನದಂಡವನ್ನೂ ಬರೆದಿದೆ. ಎರಡೂ ನಮ್ಮ ನಡುಮನೆಗೆ ಬಂದು ತಲುಪಿದ್ದರೆ ಒಂದು ಪೆಟ್ಟಿಗೆಯೇ ಕಡಿಮೆಯಾಗುತ್ತಿತ್ತು, ಒಂದು ಜಾಗ ಖಾಲಿಯಾಗುತ್ತಿತ್ತು. ನಮ್ಮ ಟಿವಿಯ ಬೆನ್ನಿಗೆ ಆ ಶಿಫಾರಸಿನ ಗುರುತೂ ಇಲ್ಲ, ಈ ಮಾನದಂಡದ ಗುರುತೂ ಇಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಡಬ್ಬದ ಮೇಲೆ ವ್ಯಾಟ್ ಬರೆಯುವಷ್ಟೇ ದಪ್ಪ ಅಕ್ಷರದಲ್ಲಿ ಯಾವ ಯಾವ ಇನ್‌ಪುಟ್ ಎಷ್ಟೆಷ್ಟಿವೆ ಎಂದು, ಕನ್ನಡದಲ್ಲೂ, ಬರೆಯಲಿ. ಹೋಮ್ ಥಿಯೇಟರ್ ಎಂದು ಕರೆದು ಮಾರುವ ಯಾವುದಕ್ಕೇ ಆಗಲಿ ಕನಿಷ್ಠ ಎರಡು ಕೆಂಪು-ಬಿಳಿ ಜೋಡಿ, ಅವುಗಳ ನಡುವೆ ಒಂದು ಸ್ವಿಚ್ ಕಡ್ಡಾಯವಾಗಲಿ. ಪೆಟ್ಟಿಗೆಗಳನ್ನು ಕಡ್ಡಾಯ ಮಾಡುವ ಸರ್ಕಾರ ಅವುಗಳನ್ನು ಕೂರಿಸುವ ಜಾಗವನ್ನೂ ಕಡ್ಡಾಯ ಮಾಡಲಿ. ಇನ್ನು ಓದುಗರಲ್ಲಿ ಒಂದು ಕೋರಿಕೆ: ಈ ಭಾನುವಾರ ನಿಮ್ಮ ಮನೆಯ ಟಿವಿಯ ಹಿಂದೆ ಬಗ್ಗಿ ನೋಡಿ. ಯಾವ ವೈರ್ ಸಿಕ್ಕಿಸಿದೆ ಎಂಬುದಕ್ಕಿಂತ ಯಾವ ವೈರ್ ಸಿಕ್ಕಿಸಿಲ್ಲ ಎಂದು ನೋಡಿ. ಅದು ಯಾರದು ಎಂದು ಕೇಳಿ.

ನಮ್ಮ ತಗಡಿನ ಡಬ್ಬದ ಮೇಲೆ ಒಂದರಿಂದ ನಾಲ್ಕರವರೆಗೆ ಅಂಕಿ ಬರೆದು ಚೀಟಿ ಅಂಟಿಸಿದ್ದೇನೆ. ಟೇಪು ನಾಲ್ಕನೇ ನಂಬರ್. ಅವ್ವ ಮೊದಲ ಸಲ ತಾನೇ ಸ್ವಿಚ್ ತಿರುಗಿಸಿದಾಗ ಐದು ಸ್ಪೀಕರಿನಲ್ಲಿ ಮೊದಲು ಬಂದದ್ದು ಬರೀ ಗುಂಯ್ ಸದ್ದು, ಮದುವೆ ಮನೆಯ ಗದ್ದಲ, ಯಾರೋ ಮಗು ಅಳುವುದು. ಆಮೇಲೆ ಅಜ್ಜಿ. ಬೆಲ್ಟ್ ಸಡಿಲವಾಗಿದ್ದರಿಂದ ದನಿ ಸ್ವಲ್ಪ ಎಳೆಯುತ್ತಿತ್ತು. ಎರಡನೇ ಹಾಡಿನ ನಡುವೆ ಅಪ್ಪ ಗಡಿಯಾರ ನೋಡಿದರು. ಅವ್ವ ಅವರ ಕಡೆ ತಿರುಗದೆಯೇ, "ಮುಗೀಲಿ ತಡೀರಿ" ಅಂದಳು.